ಒಂದೇ ಮೊಬೈಲ್, ನಲವತ್ತು ನಿಮಿಷ: ತಂತ್ರಜ್ಞಾನ ಬಳಸಿ ಪ್ರಾಚೀನ ಇತಿಹಾಸ ಕಲಿಸುವ ಸಮಗ್ರ ಮಾರ್ಗದರ್ಶಿ

ಗದಗ ಬದಿಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಲೆಗೆ ಮೊದಲ ಸಲ ಪ್ರೊಜೆಕ್ಟರ್ ಬಂದಾಗ ಆದ ಖುಷಿ ಅಷ್ಟಿಷ್ಟಲ್ಲ. ಮರುದಿನವೇ ಎಂಟನೇ ತರಗತಿಗೆ ಸಿಂಧೂ ನಾಗರಿಕತೆಯ ಮೇಲೆ ಅರ್ಧ ಗಂಟೆಯ ವಿಡಿಯೋ ಹಾಕಿದೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ವಾರ ಬಿಟ್ಟು ಕೇಳಿದರೆ ಯಾರಿಗೂ ಏನೂ ನೆನಪಿರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತು ಕೇಳಿದ: "ಸರ್, ಅದು ನಾಲ್ಕೂವರೆ ಸಾವಿರ ವರ್ಷದ ಹಿಂದಿಂದು ಅಂತ ಅವ್ರಿಗೆ ಹೆಂಗ ಗೊತ್ತಾತು?"

ವಿಡಿಯೋದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನ್ನ ಪಾಠದಲ್ಲೂ ಇರಲಿಲ್ಲ. ಆವತ್ತಿನಿಂದ ನನ್ನ ತಯಾರಿಯೆಲ್ಲ ಆ ಒಂದು ಪ್ರಶ್ನೆಯ ಸುತ್ತ ತಿರುಗುತ್ತಿದೆ. ಮೊಬೈಲ್, ಪ್ರೊಜೆಕ್ಟರ್, ಕಂಪ್ಯೂಟರ್ ಎಲ್ಲವನ್ನೂ ಮಕ್ಕಳು ಅಳೆಯುವುದಕ್ಕೆ, ಹುಡುಕುವುದಕ್ಕೆ, ಲೆಕ್ಕ ಹಾಕುವುದಕ್ಕೆ ಬಳಸುತ್ತೇನೆ. ತೋರಿಸುವ ಕೆಲಸ ಕಡಿಮೆ ಮಾಡಿದ್ದೇನೆ. ಹೀಗೆ ಮಾಡಿ ಉಪಯೋಗವಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರು ನಾಳೆಯೇ ಶುರು ಮಾಡಬಹುದು.

ಹಂತ 1: ಸಾಮಾನು ನೋಡಿಕೊಳ್ಳಿ

ಒಂದು ಸ್ಮಾರ್ಟ್‌ಫೋನ್, ಒಂದು ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ, ಎರಡನ್ನೂ ಜೋಡಿಸುವ ಕೇಬಲ್. ಇಷ್ಟಿದ್ದರೆ ಸಾಕು. ವೈರ್‌ಲೆಸ್ ನಂಬಬೇಡಿ, ಕೇಬಲ್ಲೇ ಇರಲಿ. ಪಾಠದ ನಡುವೆ ಸಂಪರ್ಕ ತಪ್ಪಿದರೆ ಐದು ನಿಮಿಷ ಹೋಗುತ್ತದೆ, ಮಕ್ಕಳ ಗಮನವೂ ಹೋಗುತ್ತದೆ.

ಇಂಟರ್ನೆಟ್ ಇರುವುದಿಲ್ಲ ಅಂತಲೇ ತಿಳಿದು ತಯಾರಾಗಿ. ಬೇಕಾದ ಚಿತ್ರಗಳನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ತೋರಿಸಬೇಕಾದದ್ದನ್ನು ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಆ್ಯಪ್‌ನಲ್ಲಿ ಸಿಗುವ ಪಾಠಗಳನ್ನೂ ಮೊದಲೇ ಡೌನ್‌ಲೋಡ್ ಮಾಡಬಹುದು. ಕರೆಂಟ್ ಹೋದರೆ ಏನು ಮಾಡುತ್ತೀರಿ ಅನ್ನೋದನ್ನು ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಪ್ರತಿ ಪಾಠದ ಎರಡು ಮುಖ್ಯ ಚಿತ್ರಗಳ ದೊಡ್ಡ ಪ್ರಿಂಟ್ ಯಾವಾಗಲೂ ಇರುತ್ತದೆ.

ಹಂತ 2: ಪಾಠಕ್ಕೊಂದು ಪ್ರಶ್ನೆ

ಪೀರಿಯಡ್ ಇರೋದು ನಲವತ್ತು ನಿಮಿಷ. ಅದರಲ್ಲಿ ಪರದೆ ಆನ್ ಇರಬೇಕಾದ್ದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಉಳಿದ ಸಮಯ ಮಕ್ಕಳ ಕೈಗೆ ಕೆಲಸ. ಹಾಗಾಗಬೇಕಾದರೆ ಇಡೀ ಪಾಠಕ್ಕೆ ಒಂದೇ ಪ್ರಶ್ನೆ ಸಾಕು. "ಮೌರ್ಯರು" ಅನ್ನುವುದು ಪಾಠದ ಹೆಸರು. "ಪಾಟಲಿಪುತ್ರದ ರಾಜ ನಮ್ಮ ಕಡೆಯ ಬಂಡೆ ಮೇಲೆ ಯಾಕೆ ಬರೆಸಿದ?" ಅನ್ನುವುದು ಪ್ರಶ್ನೆ. ಬೋರ್ಡಿನ ಮೇಲೆ ಅದನ್ನೇ ದೊಡ್ಡದಾಗಿ ಬರೆಯಿರಿ.

ಮಕ್ಕಳ ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಹಾಕಿಸಿ: ಗೊತ್ತಾಗಿದ್ದು, ಹೇಗೆ ಗೊತ್ತಾಯಿತು, ಇನ್ನೂ ಗೊತ್ತಿಲ್ಲದ್ದು. ಈ ಮೂರನೇ ಕಾಲಂ ಖಾಲಿ ಬಿಡೋಕೆ ಬಿಡಬೇಡಿ. ಸಿಂಧೂ ಲಿಪಿಯನ್ನು ಇವತ್ತಿಗೂ ಎಲ್ಲರೂ ಒಪ್ಪುವಂತೆ ಯಾರೂ ಓದಿಲ್ಲ ಎಂದು ತಿಳಿದಾಗ ಮಕ್ಕಳ ಕಣ್ಣು ಅರಳುತ್ತದೆ. ದೊಡ್ಡವರಿಗೂ ಗೊತ್ತಿಲ್ಲದ್ದು ಇದೆ ಅನ್ನೋದೇ ಅವರಿಗೆ ದೊಡ್ಡ ಸುದ್ದಿ.

ಹಂತ 3: ಕಾಲವನ್ನು ಹಗ್ಗಕ್ಕೆ ಕಟ್ಟಿ

ಇದಕ್ಕೆ ಕರೆಂಟ್ ಬೇಡ. ಆದರೂ ಇದಿಲ್ಲದೆ ಮುಂದಿನ ಯಾವ ಸಾಧನವೂ ಕೆಲಸಕ್ಕೆ ಬರೋದಿಲ್ಲ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಐದು ಮೀಟರ್ ಹಗ್ಗ ತನ್ನಿ. ಒಂದು ತುದಿ ಇವತ್ತು. ಅಲ್ಲಿಂದ ಹಿಂದಕ್ಕೆ ಅಳೆಯುತ್ತಾ ಬಟ್ಟೆ ಕ್ಲಿಪ್ ಹಾಕಿಸಿ.

ನಿಮ್ಮ ವಿದ್ಯಾರ್ಥಿಯ ಇಡೀ ಜೀವನ ಹದಿಮೂರು ಮಿಲಿಮೀಟರ್. ಸ್ವಾತಂತ್ರ್ಯ ಬಂದದ್ದು ಸುಮಾರು 8 ಸೆಂಟಿಮೀಟರ್ ದೂರದಲ್ಲಿ. ಅತ್ತಿಮಬ್ಬೆಯ ಲಕ್ಕುಂಡಿ ಶಾಸನ ಒಂದು ಮೀಟರ್ ದಾಟಿ ಸ್ವಲ್ಪ. ಐಹೊಳೆ ಶಾಸನ 1 ಮೀಟರ್ 39 ಸೆಂಟಿಮೀಟರ್ ಹತ್ತಿರ. ಅಶೋಕ ಸುಮಾರು 2 ಮೀಟರ್ 30. ಹಾವೇರಿ ಜಿಲ್ಲೆಯ ಹಳ್ಳೂರಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಅಗೆದಾಗ ಸಿಕ್ಕ ಹಳೆಯ ಕಬ್ಬಿಣ ಸುಮಾರು ಕ್ರಿ.ಪೂ. 1000ದ್ದು, ಅಂದರೆ 3 ಮೀಟರ್. ಸಿಂಧೂ ನಗರಗಳು ಬೆಳೆದು ನಿಂತದ್ದು ಕ್ರಿ.ಪೂ. 2600ರಿಂದ 1900ರವರೆಗೆ. ಹಗ್ಗದಲ್ಲಿ ಅದು 4 ಮೀಟರ್ 60ರಿಂದ 3 ಮೀಟರ್ 90ರವರೆಗೆ.

ಈಗ ಮಕ್ಕಳಿಗೆ ಹಗ್ಗ ಕೊಟ್ಟು ಸುಮ್ನೆ ಇದ್ದುಬಿಡಿ. ಸಿಂಧೂ ನಗರಗಳು ಮುಗಿದ ಮೇಲೆ ಅಶೋಕನವರೆಗೆ ಇರುವ ಅಂತರ, ಐಹೊಳೆ ಶಾಸನದಿಂದ ಇವತ್ತಿನವರೆಗಿನ ಅಂತರಕ್ಕಿಂತ ಜಾಸ್ತಿ. ಇದನ್ನು ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ. ಪುಸ್ತಕದಲ್ಲಿ ಸಿಂಧೂ ನಗರಗಳ ಪಾಠ, ಅಶೋಕನ ಪಾಠ ಹತ್ತಿರ ಹತ್ತಿರ ಇರುತ್ತವೆ, ಹಾಗಾಗಿ ಅವರು ನಿನ್ನೆ ಇವತ್ತು ಅಂದುಕೊಂಡಿರುತ್ತಾರೆ.

ಹಂತ 4: ಆ ಹುಡುಗನ ಪ್ರಶ್ನೆಗೆ ಉತ್ತರ

ಹೆಂಗ ಗೊತ್ತಾತು? ಎರಡು ದಾರಿಯಿಂದ ಗೊತ್ತಾಯಿತು. ಎರಡನ್ನೂ ಮಾಡಿ ತೋರಿಸಬಹುದು.

ಹರಪ್ಪದಲ್ಲಿ ದಯಾರಾಮ್ ಸಾಹ್ನಿ 1921ರಲ್ಲಿ ಅಗೆಸಿದರು. ಮೊಹೆಂಜೊದಾರೋದಲ್ಲಿ ಮರುವರ್ಷ ರಾಖಾಲದಾಸ್ ಬ್ಯಾನರ್ಜಿ ಅಗೆಸಿದರು. ಆಗ ಇದು ಎಷ್ಟು ಹಳೆಯದು ಅಂತ ಯಾರಿಗೂ ಗೊತ್ತಿರಲಿಲ್ಲ. 1924ರಲ್ಲಿ ಜಾನ್ ಮಾರ್ಷಲ್ ಮುದ್ರೆಗಳ ಫೋಟೋಗಳನ್ನು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ನೋಡಿದ ಮೆಸೊಪೊಟೇಮಿಯಾ (ಇವತ್ತಿನ ಇರಾಕ್ ಕಡೆಯ ಹಳೆಯ ನಾಡು) ತಜ್ಞರು, ಇಂಥವೇ ಮುದ್ರೆಗಳು ತಾವು ಅಗೆಯುವ ಕಡೆಯೂ ಸಿಗುತ್ತಿವೆ ಎಂದರು. ಅಲ್ಲಿನ ಕಾಲ ಬರಹಗಳಿಂದ ಗೊತ್ತಿತ್ತು. ಹೀಗೆ ಇಲ್ಲಿನ ಕಾಲವೂ ಹೊಳೆಯಿತು. ತರಗತಿಯಲ್ಲಿ ಎರಡೂ ಕಡೆಯ ಮುದ್ರೆಗಳ ಚಿತ್ರ ಅಕ್ಕಪಕ್ಕ ಹಾಕಿ. ಏನೂ ಹೇಳಬೇಡಿ. ಒಂದೇ ತರಹ ಇರುವುದನ್ನು ಅವರೇ ಹುಡುಕಲಿ.

ಎರಡನೆಯದು ಇಂಗಾಲ-14. ಜೀವ ಇದ್ದ ವಸ್ತುಗಳಲ್ಲಿ ಈ ಬಗೆಯ ಇಂಗಾಲ ಸ್ವಲ್ಪ ಇರುತ್ತದೆ. ಜೀವ ಹೋದ ಮೇಲೆ 5,730 ವರ್ಷಕ್ಕೆ ಅದು ಅರ್ಧವಾಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗೋದಿಲ್ಲ. ನಾನು ಮಾಡುವುದು ಹೀಗೆ. ಮಕ್ಕಳೆಲ್ಲ ಎದ್ದು ನಿಲ್ಲಬೇಕು. ಪ್ರತಿಯೊಬ್ಬರ ಕೈಯಲ್ಲಿ ಒಂದು ನಾಣ್ಯ. ನಾನು ಚಪ್ಪಾಳೆ ತಟ್ಟಿದಾಗ ಎಲ್ಲರೂ ಚಿಮ್ಮಬೇಕು. ಸಿಂಹ ಬಿದ್ದವರು ಕೂರಬೇಕು. ನಿಂತವರನ್ನು ಎಣಿಸಿ ಒಬ್ಬ ವಿದ್ಯಾರ್ಥಿ ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುತ್ತಾ ಹೋಗುತ್ತಾನೆ. ನಲವತ್ತು, ಹತ್ತೊಂಬತ್ತು, ಹತ್ತು, ನಾಲ್ಕು. ಒಂದೊಂದು ಚಪ್ಪಾಳೆಯೂ 5,730 ವರ್ಷ. ಕೊನೆಗೆ ಅದರ ಗ್ರಾಫ್ ಪರದೆ ಮೇಲೆ ಬರುತ್ತದೆ. ಯಾರು ಕೂರುತ್ತಾರೆ ಅಂತ ಮೊದಲೇ ಹೇಳೋಕಾಗಲ್ಲ, ಎಷ್ಟು ಜನ ಕೂರುತ್ತಾರೆ ಅಂತ ಹೆಚ್ಚುಕಡಿಮೆ ಹೇಳಬಹುದು. ಈ ಮಾತನ್ನು ಒಂದು ಸಲ ಮಕ್ಕಳೇ ಹೇಳಿದರು. ಆ ದಿನದ ಪಾಠ ಅಲ್ಲಿಗೇ ಗೆದ್ದಂತೆ.

ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ =0.5^(4500/5730) ಎಂದು ಬರೆಸಿ. ಉತ್ತರ 0.58 ಬರುತ್ತದೆ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಇದ್ದಿಲಿನಲ್ಲಿ ಆ ಇಂಗಾಲ ನೂರಕ್ಕೆ ಐವತ್ತೆಂಟರಷ್ಟು ಉಳಿದಿರುತ್ತದೆ ಅಂತ ಅರ್ಥ. ಕಲ್ಲಿಗೆ ಜೀವ ಇರಲಿಲ್ಲ, ಹಾಗಾಗಿ ಕಲ್ಲಿನ ಗುಡಿಗೆ ಈ ಲೆಕ್ಕ ನಡೆಯೋದಿಲ್ಲ ಎಂದು ಕಡೆಯಲ್ಲಿ ಹೇಳಲೇಬೇಕು. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಬರುತ್ತದೆ.

ಇನ್ನೊಂದು ಪೀರಿಯಡ್ ಸಿಕ್ಕರೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಮೊಹೆಂಜೊದಾರೋದ ದೊಡ್ಡ ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಸುಣ್ಣದಲ್ಲಿ ಗೆರೆ ಎಳೆಸಿ. ಆಳವನ್ನು ಗೋಡೆಯ ಮೇಲೆ ಗುರುತು ಮಾಡಿ. ಹತ್ತಿರ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಅಲ್ಲಿನ ಇಟ್ಟಿಗೆ ಅಳೆಸಿ. ಸಿಂಧೂ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿ ಇರುತ್ತಿದ್ದವು. ನಮ್ಮ ಇಟ್ಟಿಗೆಯ ಲೆಕ್ಕ ಎಷ್ಟು ಬರುತ್ತದೆ? ಅವರೇ ಭಾಗಿಸಿ ಹೇಳಲಿ.

ಹಂತ 5: ಮೇಲಿನಿಂದ ನೆಲ ನೋಡಿ

ಗೂಗಲ್ ಅರ್ಥ್ ತೆರೆದು ಮೊದಲು ನಿಮ್ಮ ಶಾಲೆಯ ಛಾವಣಿ ತೋರಿಸಿ. ಎರಡು ನಿಮಿಷ ಗದ್ದಲ ಆಗುತ್ತದೆ, ಆಗಲಿ. ಆಮೇಲೆ ಅಳತೆಯ ಸಾಧನ ಒತ್ತಿ. ಅಲ್ಲಿಂದ ಎರಡು ಗೆರೆ ಎಳೆಯಬೇಕು.

ಒಂದು, ಗದಗದಿಂದ ಮಸ್ಕಿಗೆ. ಅಶೋಕನ ಬಂಡೆ ಬರಹ ಇರುವ ರಾಯಚೂರು ಜಿಲ್ಲೆಯ ಊರು ಅದು. ನೇರ ಗೆರೆಯಲ್ಲಿ ಸುಮಾರು 125 ಕಿಲೋಮೀಟರ್. ಇನ್ನೊಂದು, ಪಾಟ್ನಾದಿಂದ ಮಸ್ಕಿಗೆ. ಅಶೋಕನ ಪಾಟಲಿಪುತ್ರ ಇದ್ದದ್ದು ಅಲ್ಲೇ. ಈ ಗೆರೆ ಸುಮಾರು 1,400 ಕಿಲೋಮೀಟರ್ ಬರುತ್ತದೆ. ದಿನಕ್ಕೆ 25 ಕಿಲೋಮೀಟರ್ ನಡೆದರೆ ಎಷ್ಟು ದಿನ ಬೇಕು? ನೇರ ಗೆರೆಯಲ್ಲೇ 56 ದಿನ. ನದಿ, ಬೆಟ್ಟ ಸುತ್ತಿಕೊಂಡು ಬಂದರೆ ಇನ್ನೂ ಜಾಸ್ತಿ. ಅಷ್ಟು ದೂರ ರಾಜನ ಮಾತು ಹೊತ್ತು ಬಂದವರು ಯಾಕೆ ಬಂದರು?

ಈಗ ಮಸ್ಕಿಯಿಂದ ಸ್ವಲ್ಪ ಉತ್ತರಕ್ಕೆ ಜರುಗಿಸಿ. ಮೂವತ್ತು ಕಿಲೋಮೀಟರ್ ಒಳಗೇ ಹಟ್ಟಿ ಸಿಗುತ್ತದೆ. ಚಿನ್ನದ ಗಣಿ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. 1915ರಲ್ಲಿ ಮಸ್ಕಿಯ ಆ ಬಂಡೆ ಬರಹವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಎಂದು ಆಗ ಹೇಳಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ "ಸುವರ್ಣಗಿರಿ" ಎಂಬ ಊರಿನ ಹೆಸರು ಇದೆ ಎಂದೂ ಹೇಳಿ. ಆದರೆ ಇಲ್ಲಿ ನಿಲ್ಲಿಸಬೇಕು. ಚಿನ್ನಕ್ಕಾಗಿಯೇ ಬಂದರು ಎಂಬುದು ಒಂದು ಒಳ್ಳೆಯ ಊಹೆ, ಅದು ಸಾಬೀತಾದ ಮಾತಲ್ಲ. ಮಕ್ಕಳು ಅದನ್ನು ಮೂರನೇ ಕಾಲಂಗೆ ಬರೆಯಲಿ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೇಗೋಳ. ಇವೆಲ್ಲ ಅಶೋಕನ ಬಂಡೆ ಬರಹ ಇರುವ ಜಾಗಗಳು. ಗುಂಪಿಗೊಂದು ಊರು ಕೊಟ್ಟು ಪಿನ್ ಹಾಕಿಸಿ. ಒಂದು ಪ್ರಾಜೆಕ್ಟ್ ಆಗಿ ಉಳಿಸಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಕೊಪ್ಪಳ ನಮ್ಮಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಅಶೋಕ ನಮ್ಮ ನೆರೆಯವನು ಅನ್ನೋದು ಆ ನಕ್ಷೆ ನೋಡಿದಾಗಲೇ ಮಕ್ಕಳಿಗೆ ಗೊತ್ತಾಗೋದು.

ಹಂತ 6: ಬ್ರಾಹ್ಮಿಯಲ್ಲಿ ನಮ್ಮ ಹೆಸರು

ನನ್ನ ಇಡೀ ವರ್ಷದ ಪಾಠಗಳಲ್ಲಿ ಮಕ್ಕಳು ಅತಿ ಹೆಚ್ಚು ಇಷ್ಟಪಡುವುದು ಇದನ್ನು. ಇದಕ್ಕೆ ಒಂದಿಡೀ ಪೀರಿಯಡ್ ಕೊಡಿ.

ಅಕ್ಷರಮುಖ ಎಂಬ ಉಚಿತ ವೆಬ್ ಸಾಧನ ಇದೆ. ಕನ್ನಡದಲ್ಲಿ ಬರೆದದ್ದನ್ನು ಬ್ರಾಹ್ಮಿಗೆ, ಅಂದರೆ ಅಶೋಕನ ಆ ಬಂಡೆ ಬರಹಗಳ ಲಿಪಿಗೆ, ಬದಲಾಯಿಸಿ ಕೊಡುತ್ತದೆ. ಆದರೆ ಅದನ್ನು ಮೊದಲೇ ತೆಗೆಯಬೇಡಿ. ಮೊದಲು ಕೈಬರಹ. ಬೋರ್ಡಿನ ಮೇಲೆ ನಾಲ್ಕೇ ಅಕ್ಷರ ಬರೆಯಿರಿ. ಬ್ರಾಹ್ಮಿಯ "ಕ" ಅಂದರೆ ಗಣಿತದ ಕೂಡಿಸುವ ಚಿಹ್ನೆ. "ಗ" ಅಂದರೆ ಗುಡಿಸಲ ಮಾಡಿನ ಹಾಗೆ ಎರಡು ಓರೆ ಗೆರೆ. "ನ" ಅಂದರೆ ನೆಲದ ಮೇಲೆ ನೆಟ್ಟ ಕಂಬ, ಅಡಿಗೊಂದು ಅಡ್ಡಗೆರೆ, ಮೇಲೊಂದು ನೆಟ್ಟಗೆರೆ. "ರ" ಅಂದರೆ ಬರೀ ನೆಟ್ಟಗೆರೆ.

ಇಷ್ಟರಲ್ಲೇ "ಕನಕ", "ಗಗನ", "ನಗರ" ಬರೆಯಬಹುದು. ಮೂರು ನಿಮಿಷದಲ್ಲಿ ಇಡೀ ತರಗತಿ ಎರಡು ಸಾವಿರ ವರ್ಷ ಹಳೆಯ ಲಿಪಿಯಲ್ಲಿ ಬರೆಯುತ್ತದೆ. ಅಕ್ಷರ ಕಲಿಯೋದರಲ್ಲಿ ಹಿಂದೆ ಬಿದ್ದ ಮಕ್ಕಳು ಅವತ್ತು ಎಲ್ಲರ ಸಮ. ಯಾಕೆಂದರೆ ಎಲ್ಲರೂ ಹೊಸಬರು.

ಆಮೇಲೆ "ಠ" ಬರೆಯಿರಿ. ಬ್ರಾಹ್ಮಿಯಲ್ಲಿ ಅದು ಒಂದು ಪೂರ್ತಿ ಸುತ್ತು. ನಮ್ಮ ಇವತ್ತಿನ "ಠ" ನೋಡಿ, ದುಂಡಗೇ ಉಳಿದಿದೆ. ಬ್ರಾಹ್ಮಿಯಿಂದ ನಿಧಾನವಾಗಿ ಬದಲಾಗುತ್ತಾ, ಕದಂಬರ ಕಾಲದ ಲಿಪಿ ದಾಟಿ, ನಮ್ಮ ಕನ್ನಡ ಲಿಪಿ ಆಯಿತು ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. "ಹಂಗಾದ್ರ ಇದು ನಮ್ಮ ಅಕ್ಷರದ ಮುತ್ತಜ್ಜ ಏನ್ರಿ?" ಎಂದು ಒಬ್ಬ ಹುಡುಗಿ ಕೇಳಿದ್ದಳು. ಈಗ ನಾನೂ ಪಾಠದಲ್ಲಿ ಅದೇ ಮಾತು ಬಳಸುತ್ತೇನೆ.

ಈಗ ಅಕ್ಷರಮುಖ ತೆರೆಯಿರಿ. ಪ್ರತಿ ಮಗುವಿನ ಹೆಸರು ಹಾಕಿ, ಬಂದದ್ದನ್ನು ನೋಟ್‌ಬುಕ್ಕಿಗೆ ಇಳಿಸಲಿ. ಒಂದು ತೊಂದರೆ ಬರಬಹುದು. ಬ್ರಾಹ್ಮಿ ಅಕ್ಷರಗಳು ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ. ಹಳೆಯ ಟಿವಿ ಅಥವಾ ಕಂಪ್ಯೂಟರ್‌ನಲ್ಲಿ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತವೆ. ನೋಟೋ ಬ್ರಾಹ್ಮಿ ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಮನೆಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿಯೇ ತನ್ನಿ.

ಕೊನೆಯ ಹತ್ತು ನಿಮಿಷ ಮಸ್ಕಿ ಶಾಸನದ ಚಿತ್ರಕ್ಕೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. "ಇದರಲ್ಲಿ ಕೂಡಿಸುವ ಚಿಹ್ನೆ ಎಲ್ಲೈತಿ, ಹುಡುಕ್ರಿ" ಅನ್ನಿ. "ದೇವಾನಂಪಿಯಸ ಅಸೋಕಸ" (ದೇವರಿಗೆ ಪ್ರಿಯನಾದ ಅಶೋಕನ) ಎಂಬ ಮಾತಿನಲ್ಲಿ ಆ "ಕ" ಇದೆ, ಓಕಾರದ ಗೆರೆ ಇರೋದು ಅದರ ಹಿಂದಿನ "ಸ" ಅಕ್ಷರಕ್ಕೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದ ಮೇಲೂ ಹೆಚ್ಚಿನ ಶಾಸನಗಳಲ್ಲಿ ಸಿಕ್ಕ ಹೆಸರು "ಪಿಯದಸಿ" ಮಾತ್ರ. ಆತನೇ ಅಶೋಕ ಎಂದು ಶ್ರೀಲಂಕಾದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಅವನದೇ ಬಂಡೆ ಬರಹದಲ್ಲಿ ಆ ಹೆಸರು ಮೊದಲು ಕಂಡದ್ದು ನಮ್ಮ ಮಸ್ಕಿಯಲ್ಲಿ. ಹೆಂಗ ಗೊತ್ತಾತು ಅನ್ನುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನಮ್ಮ ಪಕ್ಕದಲ್ಲೇ ಇದೆ ಅಲ್ವಾ? ಅದನ್ನು ಮಕ್ಕಳ ಕಣ್ಣಿಂದಲೇ ಓದಿಸಬೇಕು.

ಹಂತ 7: ಎರಡು ಕ್ಯಾಲೆಂಡರ್, ಒಂದೇ ಉತ್ತರ

ಕಲ್ಲಿನ ಕಾಲ ತಿಳಿಯೋದು ಹೇಗೆ ಅನ್ನುವುದಕ್ಕೆ ಐಹೊಳೆ ಶಾಸನಕ್ಕಿಂತ ಒಳ್ಳೆಯ ಪಾಠ ಇಲ್ಲ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಬರೆದದ್ದು. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿದೆ. ಅದರಲ್ಲಿ ಕಾಲವನ್ನು ಎರಡು ರೀತಿ ಹೇಳಿದ್ದಾರೆ. ಭಾರತ ಯುದ್ಧವಾಗಿ, ಅಂದರೆ ಮಹಾಭಾರತದ ಯುದ್ಧವಾಗಿ, 3735 ವರ್ಷ ಕಳೆದಿವೆ ಎಂದು ಒಂದು ಕಡೆ. ಶಕ ರಾಜರ ಕಾಲದ 556 ವರ್ಷ ಕಳೆದಿವೆ ಎಂದು ಇನ್ನೊಂದು ಕಡೆ.

ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪಿಗೆ ಶಕದ ಲೆಕ್ಕ, 78 ಕೂಡಿಸಬೇಕು. ಇನ್ನೊಂದಕ್ಕೆ ಭಾರತ ಯುದ್ಧದಿಂದ ಎಣಿಸುವ ಲೆಕ್ಕ, ಅಂದರೆ ಕಲಿಯುಗದ ಲೆಕ್ಕ, 3101 ಕಳೆಯಬೇಕು. ಒಂದು ಗುಂಪಿಗೆ ಇನ್ನೊಂದರ ಅಂಕಿ ಕಾಣಬಾರದು. ಎರಡೂ ಗುಂಪು ಉತ್ತರವನ್ನು ಒಂದೇ ಸಲ ಬೋರ್ಡಿಗೆ ಬರೆಯಲಿ. 634. 634.

ಆ ಗಳಿಗೆಗೆ ಯಾವ ವಿಡಿಯೋವೂ ಸಾಟಿಯಲ್ಲ.

ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಶಕದ ಕಾಲಂ, ಕ್ರಿಸ್ತಶಕದ ಕಾಲಂ ಮಾಡಿಸಿ. ಬಾದಾಮಿಯ ಮೂರನೇ ಗುಹೆಯ ಶಾಸನ ಶಕ 500, ಅಂದರೆ 578. ನಿಮ್ಮೂರ ಗುಡಿಯ ಶಾಸನದ ಶಕವರ್ಷ ಗೊತ್ತಿದ್ದರೆ ಅದನ್ನೂ ಸೇರಿಸಿ. ತಿಂಗಳನ್ನು ಹಿಡಿದು ಒಂದು ವರ್ಷ ಆಚೀಚೆ ಆಗಬಹುದು ಎಂದು ಹೇಳಿಡಿ.

ಹಂತ 8: ಲಕ್ಕುಂಡಿಗೆ ಹೋಗಿ, ಟಾರ್ಚ್ ಓರೆ ಹಿಡಿಯಿರಿ

ಲಕ್ಕುಂಡಿ ಕಟ್ಟುನಿಟ್ಟಾಗಿ ನೋಡಿದರೆ ಪ್ರಾಚೀನ ಕಾಲದ್ದಲ್ಲ, ಕಲ್ಯಾಣ ಚಾಲುಕ್ಯರ ಕಾಲದ್ದು. ಆದರೆ ಎಂಟನೇ ತರಗತಿಯ ಪಾಠ ಅವರವರೆಗೂ ಬರುತ್ತದೆ. ಮುಖ್ಯವಾಗಿ, ದೂರದ ಮೊಹೆಂಜೊದಾರೋವನ್ನು ಓದುವ ವಿಧಾನವನ್ನು ಹತ್ತಿರದ ಕಲ್ಲಿನ ಮೇಲೆ ಕಲಿಯಬಹುದು. ಗದಗದಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಇದೆ. ಧಾರವಾಡದವರಿಗೆ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ಇದೆ. ಹಾವೇರಿಯವರಿಗೆ ಚೌಡಯ್ಯದಾನಪುರದ ಮುಕ್ತೇಶ್ವರ, ಬಂಕಾಪುರದ ಅರವತ್ತು ಕಂಬದ ಗುಡಿ.

ಹೊರಡುವ ಮುಂಚೆ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲ ಹತ್ತಿರ ಒಬ್ಬ ಶಿಕ್ಷಕರು ನಿಂತೇ ಇರಬೇಕು.

ಶಾಸನ ಓದುವ ಗುಟ್ಟು ಬೆಳಕಿನಲ್ಲಿದೆ. ಮಧ್ಯಾಹ್ನದ ಬಿಸಿಲಲ್ಲಿ ನೇರ ನಿಂತು ಫೋಟೋ ತೆಗೆದರೆ ಅಕ್ಷರಗಳು ಮಾಯವಾಗುತ್ತವೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು. ನೆರಳಿನಲ್ಲಿರುವ ಕಲ್ಲಾದರೆ ಒಬ್ಬರು ಫೋಟೋ ತೆಗೆಯಲಿ, ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಲಿ. ಕೆತ್ತಿದ ಗೆರೆಯಲ್ಲಿ ನೆರಳು ತುಂಬುತ್ತದೆ. ಇದ್ದಕ್ಕಿದ್ದಂತೆ ಸಾಲುಗಳು ಎದ್ದು ಬರುತ್ತವೆ. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಮೂರು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ, ಹಿಟ್ಟು, ನೀರು ಯಾವುದನ್ನೂ ಕಲ್ಲಿಗೆ ಹಚ್ಚಬಾರದು. ಸಾವಿರ ವರ್ಷ ಉಳಿದ ಕಲ್ಲು ನಮ್ಮ ಒಂದು ಫೋಟೋಗಾಗಿ ಸವೆಯಬಾರದು. ಇದನ್ನು ನಾನು ಬಸ್ಸಿನಲ್ಲೇ ಮೂರು ಸಲ ಹೇಳುತ್ತೇನೆ.

ಮರಳಿ ಬಂದ ಮೇಲೆ ಫೋಟೋವನ್ನು ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಹೆಚ್ಚಿಸಿ ಪರದೆಗೆ ಹಾಕಿ. ಮಕ್ಕಳಿಗೆ ಮೊದಲು ಹುಡುಕಲು ಹೇಳಬೇಕಾದ್ದು "ಸ್ವಸ್ತಿ" ಎಂಬ ಪದ. ಬಹಳಷ್ಟು ಶಾಸನಗಳು ಅಲ್ಲಿಂದಲೇ ಶುರುವಾಗುತ್ತವೆ. ಚಾಲುಕ್ಯರದ್ದಾದರೆ ಮುಂದೆ "ಸಮಸ್ತಭುವನಾಶ್ರಯ" ಬರುವ ಸಾಧ್ಯತೆ ಜಾಸ್ತಿ. ಕಲ್ಲಿನ ತುದಿಯಲ್ಲಿ ಸೂರ್ಯ, ಚಂದ್ರ ಇದ್ದರೆ, ಅವು ಇರುವವರೆಗೂ ಈ ದಾನ ಇರಲಿ ಎಂಬ ಅರ್ಥ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳು ಎಂದು ನಮಗೆ ಗೊತ್ತಿರುವುದು ಕ್ರಿ.ಶ. 1007ರ ಶಾಸನದಿಂದ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಲು ಎಷ್ಟು ನಿಮಿಷ ಬೇಕು ಎಂದು ಮಕ್ಕಳು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಲಿ. ಆಮೇಲೆ ಸಾವಿರದಿಂದ ಗುಣಿಸಲಿ.

ದಾರಿಯಲ್ಲಿ ಡಂಬಳಕ್ಕೂ ಹೋಗುವುದಾದರೆ ಗಣಿತ ಶಿಕ್ಷಕರನ್ನೂ ಕರೆದುಕೊಳ್ಳಿ. ದೊಡ್ಡಬಸಪ್ಪ ಗುಡಿಯ ನಕ್ಷೆ 24 ಮೂಲೆಯ ನಕ್ಷತ್ರ. ಮರಳಿ ಬಂದು ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್‌ನಲ್ಲಿ ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಚೌಕ ಹಾಕಿಸಿದರೆ 24 ಮೂಲೆ ಬರುತ್ತದೆ. ಅದನ್ನು ಗುಡಿಯ ಫೋಟೋ ಜೊತೆ ಹೋಲಿಸಲಿ.

ಹಂತ 9: ಕಲ್ಲನ್ನು ಮೊಬೈಲಿನಲ್ಲಿ ತಿರುಗಿಸಿ ನೋಡುವುದು

ಮೊಬೈಲಿನಲ್ಲಿ ಹಲವು ಫೋಟೋ ಸೇರಿಸಿ ತ್ರೀಡಿ ಮಾದರಿ ಮಾಡುವ ಆ್ಯಪ್‌ಗಳಿವೆ, ಪಾಲಿಕ್ಯಾಮ್ ಅಂಥದ್ದು. ಊರ ಅಗಸಿಯ ವೀರಗಲ್ಲಿನಿಂದ ಶುರು ಮಾಡಿ. ಮೋಡ ಇರುವ ದಿನ ಒಳ್ಳೆಯದು, ಗಾಢ ನೆರಳು ಇರುವುದಿಲ್ಲ. ಝೂಮ್, ಫ್ಲ್ಯಾಶ್ ಬೇಡ. ಕಲ್ಲಿನ ಸುತ್ತ ಎರಡು ಸುತ್ತು ಬನ್ನಿ, ಒಂದು ಸೊಂಟದ ಎತ್ತರದಲ್ಲಿ, ಒಂದು ತಲೆಯ ಎತ್ತರದಲ್ಲಿ. ಒಂದು ಫೋಟೋದ ಮೂರರಲ್ಲಿ ಎರಡು ಭಾಗ ಮುಂದಿನ ಫೋಟೋದಲ್ಲೂ ಇರಬೇಕು. ಅರವತ್ತು ಎಪ್ಪತ್ತು ಫೋಟೋ ಸಾಕು. ಅಪ್‌ಲೋಡ್ ಮನೆಯಲ್ಲಿ ಮಾಡಿ.

ಪರದೆ ಮೇಲೆ ತಿರುಗಿಸುವಾಗ ಕೆಳಗಿನಿಂದ ಮೇಲಕ್ಕೆ ಓದಿಸಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ.

ಹಂತ 10: ಸುಳ್ಳು ಚಿತ್ರ ಬೇರೆ ಮಾಡಿ

ಪುಲಕೇಶಿಯ "ಫೋಟೋ" ಎಂದು ಎಐ ಮಾಡಿದ ಚಿತ್ರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ನೋಡೋಕೆ ಚೆನ್ನಾಗಿರುತ್ತವೆ. ಮಕ್ಕಳು ನಂಬುತ್ತಾರೆ, ಅದಕ್ಕೇ ನನಗೆ ಚಿಂತೆ. ನಾನು ಪ್ರತಿ ಚಿತ್ರಕ್ಕೂ ಬಣ್ಣದ ಅಂಚು ಹಾಕುತ್ತೇನೆ. ನಿಜವಾದ ವಸ್ತುವಿನ ಫೋಟೋಗೆ ಹಸಿರು. ಆಧಾರ ಇಟ್ಟುಕೊಂಡು ಕಲಾವಿದರು ಬರೆದದ್ದಕ್ಕೆ ಹಳದಿ. ಬರೀ ಕಲ್ಪನೆಗೆ ಕೆಂಪು. ಎರಡು ತಿಂಗಳಲ್ಲಿ ಮಕ್ಕಳೇ "ಸರ್, ಇದಕ್ಕ ಅಂಚು ಹಾಕಿಲ್ಲ" ಎಂದು ನೆನಪಿಸಲು ಶುರು ಮಾಡಿದರು. ಅನುಮಾನ ಬಂದ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿಸಿ, ಮೊದಲು ಎಲ್ಲಿ ಬಂದಿತ್ತು ನೋಡಲಿ. ಎಐ ಚಾಟ್‌ಬಾಟ್ ಕೊಡುವ ಇಸವಿಗಳನ್ನು ಪಠ್ಯಪುಸ್ತಕದ ಜೊತೆ ಹೋಲಿಸಿ ತಪ್ಪು ಹಿಡಿಯುವುದನ್ನೇ ಒಂದು ಚಟುವಟಿಕೆ ಮಾಡಬಹುದು.

ಹಂತ 11: ಕಲಿತದ್ದನ್ನು ನೋಡುವುದು

ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಯಲ್ಲಿ ಬರೀ ಕಾಗದದ ಕಾರ್ಡ್, ನಿಮ್ಮ ಒಂದು ಮೊಬೈಲ್ ಎಲ್ಲರ ಉತ್ತರ ಓದಿಕೊಳ್ಳುತ್ತದೆ. ಚುರುಕಾಗಿ ಆಗುತ್ತದೆ. ಆದರೆ ನಾನು ಹೆಚ್ಚು ಬೆಲೆ ಕೊಡುವುದು ನೋಟ್‌ಬುಕ್ಕಿನ ನಡುವಿನ ಕಾಲಂಗೆ. "ಹೇಗೆ ಗೊತ್ತಾಯಿತು" ಎಂಬಲ್ಲಿ "ಸರ್ ಹೇಳಿದರು" ಎಂದಿದ್ದರೆ ಪಾಠ ಮತ್ತೆ ಮಾಡಬೇಕು. "ಮಸ್ಕಿ ಬಂಡೆ ಮೇಲೆ ಹೆಸರಿದೆ" ಎಂದಿದ್ದರೆ ಮುಂದೆ ಹೋಗಬಹುದು.

ಹಂತ 12: ಮಕ್ಕಳು ಹೊಸ ಕಲ್ಲು ಕಂಡು ಬಂದು ಹೇಳಿದಾಗ

ಇದು ಆಗುತ್ತದೆ. ಶಾಸನ ನೋಡಿ ಬಂದ ವಾರದಲ್ಲೇ ಯಾರಾದರೂ ಒಬ್ಬರು "ನಮ್ಮ ಹೊಲದ ಬದುವಿನ್ಯಾಗ ಬರದ ಕಲ್ಲು ಐತ್ರಿ" ಅನ್ನುತ್ತಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಕಲ್ಲಿಗೆ ಬರವಿಲ್ಲ.

ಕಲ್ಲನ್ನು ಕೀಳಬಾರದು, ತೊಳೆಯಬಾರದು, ಕುಂಕುಮ ಬಳಿಯಬಾರದು ಎಂದು ಮೊದಲು ಹೇಳಿ. ಹೊಲದವರ ಒಪ್ಪಿಗೆ ಕೇಳಿ. ಕಲ್ಲಿನ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೋ, ಓರೆ ಬೆಳಕಿನಲ್ಲಿ ಮೂರು ಫೋಟೋ, ಸುತ್ತಲಿನ ಜಾಗ ಕಾಣುವಂತೆ ಒಂದು ಫೋಟೋ ತೆಗೆಯಲಿ. ಮೊಬೈಲಿನ ನಕ್ಷೆಯಲ್ಲಿ ಬೆರಳು ಒತ್ತಿ ಹಿಡಿದರೆ ಆ ಜಾಗದ ಅಕ್ಷಾಂಶ ರೇಖಾಂಶ ಬರುತ್ತದೆ, ಅದನ್ನು ಬರೆದುಕೊಳ್ಳಲಿ. ಎತ್ತರ, ಅಗಲ, ಎಷ್ಟು ಸಾಲು ಬರಹ, ಮೇಲೆ ಏನು ಕೆತ್ತಿದೆ, ಊರವರು ಆ ಕಲ್ಲನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನೂ ಒಂದು ಹಾಳೆಯಲ್ಲಿ ತುಂಬಿಸಿ. ಈ ಹಾಳೆ ಮತ್ತು ಫೋಟೋಗಳನ್ನು ರಾಜ್ಯ ಪುರಾತತ್ವ ಇಲಾಖೆಗೆ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯಕ್ಕೆ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗಕ್ಕೆ ಕಳುಹಿಸಬಹುದು. ಪತ್ರವನ್ನು ಮಕ್ಕಳೇ ಬರೆಯಲಿ. ಕಲ್ಲು ಮೊದಲು ನೋಡಿದವರ ಹೆಸರು ಶಾಲೆಯ ದಾಖಲೆ ಪುಸ್ತಕದಲ್ಲಿ, ತಾರೀಖಿನ ಜೊತೆ ಇರಲಿ.